ಆನ್, ಎಮ್ಮೆ ಮತ್ತು ಅಪ್ಪನ ‘ನೋಡಾಣ’

ಹಾಸನದಲ್ಲಿ ಕೂತು ಪ್ರಾಚೀನ ಗ್ರೀಕ್ ಕಲಿಯೋಕೆ ಹೊರಟರೆ ಎಡವಟ್ಟಿಲ್ಲದೆ ಒಂದು ವಾರ ಕಳೆಯೋದು ಸಾಧ್ಯವೇ ಇಲ್ಲ. ನಾವು ತೆಪ್ಪಗಿದ್ದರೂ ಅದು ನಮ್ಮನ್ನ ಹುಡುಕ್ಕೊಂಡು ಬರುತ್ತೆ. ನಾನು ಕಲಿತದ್ದು ಅಷ್ಟಕ್ಕಷ್ಟೇ. ಈಗ ಯಾರಾದರೂ ಕೇಳಿದರೆ ಅಕ್ಷರಮಾಲೆಯನ್ನೂ ಪೂರ್ತಿ ಒಪ್ಪಿಸೋಕಾಗಲ್ಲ, ಮಧ್ಯದಲ್ಲೆಲ್ಲೋ ತಡವರಿಸ್ತೀನಿ. ಆದರೆ ಆ ಕ್ಲಾಸಿನ ದೆಸೆಯಿಂದ ಆದ ಫಜೀತಿಗಳನ್ನ ಮಾತ್ರ ಒಂದೂ ಮರೆತಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಆ ದಿನಗಳಲ್ಲಿ ನನ್ನ ಮದುವೆ ನೇತಾಡ್ತಾ ಇತ್ತು. ನಾನು ಹಾಸನದ ಒಂದು ಪಿಯು ಕಾಲೇಜಲ್ಲಿ ಕನ್ನಡ ಉಪನ್ಯಾಸಕಿ. ಅಪ್ಪನ ಮನೆ ಹೊಳೆನರಸೀಪುರ. ಗ್ರೀಕ್ ಕ್ಲಾಸಲ್ಲಿ ಪರಿಚಯವಾದ, ಚನ್ನರಾಯಪಟ್ಟಣದ ಒಬ್ಬ ಬಸ್ ಕಂಡಕ್ಟರನ್ನ ಮದುವೆಯಾಗ್ತೀನಿ ಅಂತ ಮನೇಲಿ ಹೇಳಿದ್ದೆ. ಅಪ್ಪ ಕೂಗಾಡಿದ್ದರೆ ನಾನೂ ಕೂಗಾಡ್ತಿದ್ದೆ, ನನಗೇನು ಬಾಯಿಲ್ವಾ? ಆದರೆ ಅಪ್ಪ ಕೂಗಾಡಲಿಲ್ಲ. ಹೆಗಲ ಮೇಲಿನ ಟವಲ್ಲನ್ನ ಒಂದು ಸಲ ಕೊಡವಿ, ಮತ್ತೆ ಹಾಕ್ಕೊಂಡು, “ನೋಡಾಣ” ಅಂದರು.

ಈ ‘ನೋಡಾಣ’ದ ಮಹಿಮೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಇಲ್ಲ ಅಂದರೆ ಎದುರಿನವರಿಗೆ ಬೇಜಾರು, ಹ್ಞೂ ಅಂದರೆ ನಮ್ಮ ತಲೆ ಮೇಲೆ ಬರುತ್ತೆ. ಅದಕ್ಕೇ ನೋಡಾಣ. ಜಮೀನು ಪಾಲಾಗಬೇಕಾದರೂ ನೋಡಾಣ, ಹಲ್ಲು ಕೀಳಿಸಬೇಕಾದರೂ ನೋಡಾಣ. ನಮ್ಮ ಚಿಕ್ಕಪ್ಪ ನೋಡಾಣ ನೋಡಾಣ ಅಂತಿದ್ದ ಹಾಗೇ ಅವರ ಹಲ್ಲು ತಾನಾಗೇ ಉದುರಿಹೋಯ್ತು. ಅಪ್ಪನ ನೋಡಾಣ ಹಿಂಗೇ ನಡೆದರೆ ನನ್ನ ಮದುವೆ ಊಟ, ರಿಟೈರ್ಮೆಂಟ್ ಊಟ ಎರಡೂ ಒಂದೇ ಛತ್ರದಲ್ಲಿ ಅಂತ ನಾನು ಹೆದರಿಕೊಂಡಿದ್ದೆ.

೧. ಇಳಿಯದ ವಿಮಾನ

ಹಾಸನದ ಬಸ್ ಸ್ಟ್ಯಾಂಡಿನ ಎದುರು ಒಂದು ಬಿತ್ತನೆ ಬೀಜದ ಅಂಗಡಿ, ಅದರ ಮೇಲೆ ಒಂದು ರೂಮು. ಅಲ್ಲಿ ನಮ್ಮ ಗ್ರೀಕ್ ಮೇಷ್ಟ್ರು ಇದ್ದರು. ಈಗ ಆ ರೂಮಲ್ಲಿ ಮೊಬೈಲ್ ಕವರ್ ಮಾರ್ತಾರೆ, ಮೇಷ್ಟ್ರೂ ಇಲ್ಲ. ಆ ಕಡೆ ಹೋದಾಗಲೆಲ್ಲ ತಲೆ ಎತ್ತಿ ಆ ಕಿಟಕಿ ನೋಡ್ತೀನಿ. ನೋಡಿದರೆ ಸಂಕಟ ಆಗುತ್ತೆ, ನೋಡದೆ ಬಂದರೆ ಇನ್ನೂ ಸಂಕಟ.

ಅವರು ಕರಾವಳಿ ಕಡೆಯವರು. ಇಂಗ್ಲಿಷ್ ಲೆಕ್ಚರರ್ ಆಗಿ ರಿಟೈರಾಗಿದ್ದರು, ಮದುವೆಯಾಗಿರಲಿಲ್ಲ. ಹುಡುಗರಾಗಿದ್ದಾಗ ಅವರೂರಿನ ಒಬ್ಬ ಮುದಿ ಪಾದ್ರಿ ಅವರಿಗೆ ಗ್ರೀಕ್ ಹೇಳಿಕೊಟ್ಟಿದ್ದರಂತೆ. “ಅವರು ನನಗೆ ಕೊಟ್ಟರು. ನಾನು ಯಾರಿಗೂ ಕೊಡದೆ ಹೋಗೋದು ಹೇಗೆ?” ಅನ್ನೋದು ಮೇಷ್ಟ್ರ ಚಿಂತೆ. ಅದಕ್ಕೇ ಜೆರಾಕ್ಸ್ ಅಂಗಡಿ ಗೋಡೆಗೆ ಒಂದು ಚೀಟಿ ಅಂಟಿಸಿದರು: ‘ಪ್ರಾಚೀನ ಗ್ರೀಕ್ ಕಲಿಸಲಾಗುವುದು. ಉಚಿತ. ಭಾನುವಾರ.’

ಮೊದಲ ವಾರ ರೂಮು ತುಂಬ ಜನ. “ಕಲಿತ್ರೆ ವೀಸಾ ಸಿಗುತ್ತಾ ಸಾ?” ಅಂತ ಕೇಳಿದರು. ಸಿಗಲ್ಲ ಅಂದ ತಕ್ಷಣ ಚಪ್ಪಲಿ ಮೆಟ್ಟಿಕೊಂಡರು. ಉಳಿದದ್ದು ನಾನು ಮತ್ತು ಕಂಡಕ್ಟರು. ನನಗೆ ಸಿಕ್ಕಿದ್ದೆಲ್ಲ ಕಲಿಯೋ ಚಟ. ಕಂಡಕ್ಟರಿಗೆ ಮುಂದಿನ ಟ್ರಿಪ್ಪಿನವರೆಗೆ ಹೊತ್ತು ಕಳೀಬೇಕಿತ್ತು, ರೂಮಲ್ಲಿ ಫ್ಯಾನಿತ್ತು. ಮೊದಲ ಪಾಠದಲ್ಲಿ ಅವರು ಗೋಡೆಗೊರಗಿ ಗೊರಕೆ ಹೊಡೆದರು. ಎರಡನೇ ವಾರದಿಂದ ಯಾಕೋ ಎಚ್ಚರವಾಗೇ ಇರ್ತಿದ್ದರು. ಆ ‘ಯಾಕೋ’ ಏನು ಅಂತ ನನಗೆ ಆಮೇಲೆ ತಿಳೀತು ಬಿಡಿ.

ಒಂದು ಭಾನುವಾರ ಮೇಷ್ಟ್ರು ಹೊಸ ಪಾಠ ಶುರು ಮಾಡಿದರು.

“ಗ್ರೀಕರ ಹತ್ತಿರ ಒಂದು ಪುಟಾಣಿ ಪದ ಇತ್ತು. ಆನ್. ಅದೊಂದನ್ನೇ ಎತ್ತಿಕೊಂಡು ಅರ್ಥ ಏನು ಅಂದರೆ ಹೇಳೋಕೆ ಬರೋದಿಲ್ಲ. ವಾಕ್ಯದ ಮೊದಲಿಗಂತೂ ಅದು ಬರೋದೇ ಇಲ್ಲ. ನೀವು ಸಾರಿಗೆ ಇಂಗು ಹಾಕ್ತೀರಲ್ಲ, ಹಾಗೆ. ಬರೀ ಇಂಗನ್ನ ಯಾರೂ ತಿನ್ನೋದಿಲ್ಲ, ಆದರೆ ಹಾಕಿದರೆ ಇಡೀ ಸಾರಿನ ಗುಣವೇ ಬೇರೆ. ಈ ಆನ್ ಕ್ರಿಯಾಪದದ ಜೊತೆ ಸೇರಿದರೆ ಗಟ್ಟಿಯಾಗಿದ್ದ ಮಾತು ಅಲ್ಲಾಡೋಕೆ ಶುರುವಾಗುತ್ತದೆ. ಒಂದು ರೂಪದ ಜೊತೆ ಬಂದರೆ ‘ಆದರೂ ಆದೀತು’. ಭೂತಕಾಲದ ಜೊತೆ ಬಂದರೆ ‘ಆಗ್ತಿತ್ತು, ಆದರೆ ಆಗಲಿಲ್ಲ’. ಇನ್ನೊಂದರ ಜೊತೆ ಬಂದರೆ ‘ಯಾವಾಗಲಾದರೂ ಆದರೆ’.”

ನಾವಿಬ್ಬರೂ ಬೆಪ್ಪುತಕ್ಕಡಿಗಳ ಹಾಗೆ ಕೂತಿದ್ದೆವು. ಮೇಷ್ಟ್ರು ಕಿಟಕಿಯಿಂದ ಆಚೆ ನೋಡಿದರು, ಸ್ವಲ್ಪ ಯೋಚಿಸಿದರು, ಆಮೇಲೆ ಬೋರ್ಡಿನ ಮೇಲೆ ‘ಬೂವನಹಳ್ಳಿ’ ಅಂತ ಬರೆದರು. ಹಾಸನದವರಿಗೆ ಬೂವನಹಳ್ಳಿ ವಿಮಾನ ನಿಲ್ದಾಣದ ಸುದ್ದಿ ಹೊಸದಲ್ಲ. ನಾನು ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದಾಗಿಂದ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕೇಳ್ಕೊಂಡೇ ಬೆಳೆದವಳು.

“ಈಗ ನೋಡಿ,” ಅಂದರು ಮೇಷ್ಟ್ರು. “ಒಂದು: ಬೂವನಹಳ್ಳಿಯಲ್ಲಿ ವಿಮಾನ ಇಳಿದೀತು. ಎರಡು: ಅಂದುಕೊಂಡ ಹಾಗೇ ನಡೆದಿದ್ದರೆ ಬೂವನಹಳ್ಳಿಯಲ್ಲಿ ವಿಮಾನ ಇಳಿಯುತ್ತಿತ್ತು. ಮೂರು: ಬೂವನಹಳ್ಳಿಯಲ್ಲಿ ಯಾವಾಗ ವಿಮಾನ ಇಳಿದರೂ ನಾವು ನೋಡೋಕೆ ಹೋಗ್ತೇವೆ. ಮೂರರಲ್ಲೂ ಗ್ರೀಕರು ಆನ್ ಹಾಕ್ತಾರೆ. ತಿಳೀತಾ?”

ಕಂಡಕ್ಟರು ತಲೆ ಕೆರಕೊಂಡರು. “ಸಾ, ಮೂರ್ರಲ್ಲೂ ಇಮಾನ ಇಳೀಲೇ ಇಲ್ವಲ್ಲ?”

ಮೇಷ್ಟ್ರು ಸೀಮೆಸುಣ್ಣ ಎತ್ತಿ ಕುಣಿದಾಡಿಬಿಟ್ಟರು. “ಅದೇ ಕಣಪ್ಪ ಆನ್! ಅದೇ!”

೨. ಎಮ್ಮೆ ಮಂತ್ರ

ಕಂಡಕ್ಟರಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ, ಆದರೆ ಹಟ ಇತ್ತು. ಹಾಸನ–ಚನ್ನರಾಯಪಟ್ಟಣ ಬಸ್ಸಲ್ಲಿ ಟಿಕೆಟ್ ಕೊಡೋದು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಬಾಯಿಪಾಠ ಮಾಡ್ತಿದ್ದರು. “ಎಲ್ಥೋಯ್ಮಿ ಆನ್, ಎಲ್ಥೋಯ್ಸ್ ಆನ್, ಎಲ್ಥೋಯ್ ಆನ್.” ಅಂದರೆ ನಾನು ಬಂದೇನು, ನೀನು ಬಂದೀಯೆ, ಅವನು ಬಂದಾನು. ಇಷ್ಟೇ.

ಶಾಂತಿಗ್ರಾಮದ ಒಬ್ಬ ಅಜ್ಜಿ ಎದುರು ಸೀಟಲ್ಲಿ ಕೂತು ಇದನ್ನೇ ಕಿವಿಗೊಟ್ಟು ಕೇಳ್ತಿದ್ದಳಂತೆ.

“ಏನಪ್ಪಾ ಅದು, ಬಾಯೊಳಗೇ ಮಣಮಣ ಅಂತೀಯ? ಮಂತ್ರವಾ?”

“ಮಂತ್ರ ಅಲ್ಲ ಕಣಜ್ಜಿ, ಪಾಠ.”

“ನನ್ತಾವ ಮರೆಮಾಚ್‌ಬ್ಯಾಡ. ನಮ್ ಎಮ್ಮೆ ಕರ ಆಕೈತೆ, ಕೆಚ್ಚಲಿಗೆ ಕೈ ಇಕ್ಕುದ್ರೆ ಝಾಡ್ಸಿ ಒದೀತದೆ. ಅದನ್ನೇ ಒಂದ್ ಕಿತ ಗಟ್ಟಿಯಾಗಿ ಯೋಳು.”

ಸ್ಟಾಪ್ ಬಂದಿತ್ತು, ಬಸ್ ತುಂಬ ಜನ, ಅಜ್ಜಿ ಇಳೀತಾನೇ ಇಲ್ಲ. ಕಂಡಕ್ಟರು ಬೇರೆ ದಾರಿ ಕಾಣದೆ ಗಟ್ಟಿಯಾಗಿ ಮೂರೂ ಹೇಳಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿಸ್ಕೊಂಡು, ಸೆರಗಿನ ತುದಿಗೆ ಒಂದು ಗಂಟು ಹಾಕ್ಕೊಂಡು ಇಳಿದು ಹೋದಳು.

ಮುಂದಿನ ವಾರ ಅದೇ ಜಾಗದಲ್ಲಿ ಅಜ್ಜಿ ರಸ್ತೆ ಮಧ್ಯಕ್ಕೇ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದಳು. “ಆಲು ಕೊಡ್ತು ಕಣಪ್ಪೋ! ಬಕೀಟು ತುಂಬಾ ಕೊಡ್ತು!” ಅವಳ ಹಿಂದೆ ಇನ್ನಿಬ್ಬರು ಹೆಂಗಸರು ನಿಂತಿದ್ದರು.

ಕಂಡಕ್ಟರು ಹೆದರಿಕೊಂಡೇ ಕೇಳಿದರು. “ಇವರದ್ದೂ ಎಮ್ಮೆನಾ?”

“ಎಮ್ಮೆ ಅಲ್ಲ. ಇವ್ಳಿಗೆ ಸೊಸೆ ಕಾಟ, ಅವ್ಳಿಗೆ ಅತ್ತೆ ಕಾಟ. ಇಬ್ರಿಗೂ ಒಂದೊಂದ್ ಯೋಳ್ಬುಡು, ಓಯ್ತೀವಿ.”

ಈ ಸುದ್ದಿ ಹೇಗೆ ಹೊಳೆನರಸೀಪುರ ಮುಟ್ಟಿತೋ ದೇವರೇ ಬಲ್ಲ. ಹಾಲಿನ ಡೇರಿ ಹತ್ತಿರ ಯಾರೋ ಅಪ್ಪನಿಗೆ ಹೇಳಿದರಂತೆ, ಹಾಸನದ ಕಡೆ ಒಬ್ಬ ಕಂಡಕ್ಟರು ಎಮ್ಮೆಗೆ ಮಂತ್ರ ಹಾಕ್ತಾನೆ ಅಂತ. ಅವತ್ತು ಅಪ್ಪನ ಫೋನು ಬಂತು. ಅಪ್ಪ ಫೋನು ಮಾಡೋದೇ ಅಪರೂಪ.

“ನೀನ್ ಯೋಳಿದ್ ಕಂಡಕ್ಟ್ರು ಇವ್ನೇನಾ, ಮಂತ್ರ ಆಕೋನು?”

“ಅಯ್ಯೋ ಅಪ್ಪಾ, ಮಂತ್ರ ಅಲ್ಲ ಅದು. ಗ್ರೀಕ್ ವ್ಯಾಕರಣ.”

ಆ ಕಡೆಯಿಂದ ಅಪ್ಪನ ನಿಟ್ಟುಸಿರು ಕೇಳಿಸಿತು. “ಮಂತ್ರ ಆಗಿದ್ರೆ ವಾಸಿ ಇತ್ತು ಕಣೆ.”

೩. ಎಕರೆಗೆ ಎಷ್ಟು

ಮೇಷ್ಟ್ರಿಗೆ ಒಂದು ಆಸೆ ಇತ್ತು. ಗ್ರೀಕ್ ಬಗ್ಗೆ ತುಂಬಿದ ಸಭೆಯಲ್ಲಿ ಒಂದು ಸಲ ಮಾತಾಡಬೇಕು. ಇಬ್ಬರೇ ಎದುರಿಗೆ ಕೂತು, ಅದರಲ್ಲೊಬ್ಬರು ಇನ್ನೊಬ್ಬರ ಕಡೆ ನೋಡ್ತಾ ಕೂತರೆ ಯಾವ ಮೇಷ್ಟ್ರಿಗೆ ತೃಪ್ತಿ ಆಗುತ್ತೆ ಹೇಳಿ? ನನ್ನ ಪರಿಚಯದ ಒಬ್ಬರು ಅರಕಲಗೂಡಿನ ಒಂದು ಸಮುದಾಯ ಭವನದಲ್ಲಿ ಏರ್ಪಾಡು ಮಾಡಿದರು. ಹೆಚ್ಚೆಂದರೆ ಹತ್ತು ಜನ ಬಂದಾರು ಅಂತ ನಾನು ಮೇಷ್ಟ್ರಿಗೆ ಮೊದಲೇ ಹೇಳಿ, ಮನಸ್ಸು ಗಟ್ಟಿ ಮಾಡಿಸಿ ಕರ್ಕೊಂಡು ಹೋಗಿದ್ದೆ. ಕಂಡಕ್ಟರೂ ರಜೆ ಹಾಕಿ ಜೊತೆಗೆ ಬಂದಿದ್ದರು.

ಹೋಗಿ ನೋಡಿದರೆ ಭವನ ಕಿಕ್ಕಿರಿದಿದೆ! ಪಂಚೆ ಉಟ್ಟವರು, ಟವಲ್ ಹೊದ್ದವರು, ಹಿಂದೆ ಗೋಡೆಗೆ ಒರಗಿ ನಿಂತವರು. ಮೇಷ್ಟ್ರ ಕಣ್ಣಲ್ಲಿ ನೀರು. “ನೀವು ಈ ಊರಿನ ಜನರನ್ನ ಕಡಿಮೆ ಅಂದಾಜು ಮಾಡಿದ್ದಿರಿ ನೋಡಿ,” ಅಂತ ನನಗೇ ಬೈದು ಸ್ಟೇಜು ಹತ್ತಿಬಿಟ್ಟರು.

ಒಂದು ಗಂಟೆ ಮಾತಾಡಿದರು. ಅಂಥ ಮಾತು ನಾನು ಆಮೇಲೆ ಯಾರ ಬಾಯಲ್ಲೂ ಕೇಳಿಲ್ಲ. “ಇದು ಬಹಳ ಸಣ್ಣದು. ಇದೆ ಅಂತಲೇ ಗೊತ್ತಾಗೋದಿಲ್ಲ. ಆದರೆ ಒಂದು ಕಡೆ ಬಿದ್ದರೆ ಸುತ್ತಲಿನದ್ದನ್ನೆಲ್ಲ ಬದಲಾಯಿಸಿಬಿಡುತ್ತದೆ. ಇದನ್ನ ಹಿಡಿಯಬೇಕಾದರೆ ಬೇರಿಗೇ ಹೋಗಬೇಕು,” ಅಂದಾಗ ಇಡೀ ಸಭೆ ಹೌದು ಹೌದು ಅಂತ ತಲೆ ಆಡಿಸಿತು. ಮೇಷ್ಟ್ರು ಉಬ್ಬಿಹೋದರು. ಮುಂದಿನ ಸಾಲಲ್ಲಿ ನನ್ನ ಸೋದರಮಾವ, ಅಮ್ಮನ ತಮ್ಮ, ಕೂತಿದ್ದರು. ಮಾವ ಶುಂಠಿ ಬೆಳೆಯೋರು. ಅವರಿಗೆ ಗ್ರೀಕ್ ಮೇಲೆ ಯಾವಾಗ ಪ್ರೀತಿ ಹುಟ್ಟಿತು ಅಂತ ನನಗೆ ಒಂದು ಅನುಮಾನ ಬಂತು.

ಕೊನೆಗೆ ಮೇಷ್ಟ್ರು, “ಪ್ರಶ್ನೆಗಳಿದ್ದರೆ ಕೇಳಿ,” ಅಂದರು.

ಮಾವ ಎದ್ದು ಕೈ ಮುಗಿದರು. “ತುಂಬಾ ಚೆನ್ನಾಗ್ ಯೋಳುದ್ರಿ ಸಾ. ಈ ಆನ್ ಅನ್ನೋದ್ನ ಎಕರೆಗೆ ಎಷ್ಟ್ ಆಕ್ಬೇಕು?”

ಆಮೇಲೆ ತಿಳಿದದ್ದು: ಅದೇ ಹೊತ್ತಿಗೆ ಅದೇ ಭವನದಲ್ಲಿ ಶುಂಠಿಯ ಕೊಳೆ ರೋಗದ ಬಗ್ಗೆ ಸಭೆ ಇತ್ತು. ಹೇಳಬೇಕಾದ ಅಧಿಕಾರಿಯ ಜೀಪು ದಾರೀಲಿ ಕೆಟ್ಟು ನಿಂತಿತ್ತು. ಜನ ಮೇಷ್ಟ್ರನ್ನೇ ಅಧಿಕಾರಿ ಅಂದ್ಕೊಂಡಿದ್ದರು. ದೊಡ್ಡೋರು ಮಾತಾಡ್ತಿರುವಾಗ ಎದ್ದು ಹೋಗೋದು, ಮಧ್ಯೆ ಬಾಯಿ ಹಾಕೋದು ನಮ್ಮ ಕಡೆ ಇಲ್ಲವಲ್ಲ, ಅದಕ್ಕೇ ಅಷ್ಟೂ ಹೊತ್ತು ಪಾಪ ಕೇಳಿದ್ದರು.

ಮಾವ ಮಾರನೇ ದಿನವೇ ಅಪ್ಪನಿಗೆ ವರದಿ ಒಪ್ಪಿಸಿದರು. “ಮೇಷ್ಟ್ರು ಒಳ್ಳೇರೇ ಭಾವ. ಕಂಡಕ್ಟ್ರೂ ಪರವಾಗಿಲ್ಲ, ನೀರೂ ಗೀರೂ ತಂದ್ಕೊಟ್ಟ. ಆದ್ರೆ ಔಸ್ದಿ ಇನ್ನೂ ಅಂಗ್ಡಿಗೆ ಬಂದಿಲ್ಲ ಅಂತ ಕಾಣ್ತದೆ.”

೪. ಯಾರ ಕೂಟೆ?

ಇಷ್ಟೆಲ್ಲ ಆದ ಮೇಲೆ ಕಂಡಕ್ಟರು ಧೈರ್ಯ ಮಾಡಿ ತಮ್ಮ ತಾಯಿಯನ್ನ ಕರ್ಕೊಂಡು ಹೊಳೆನರಸೀಪುರಕ್ಕೆ ಬಂದರು. ಜಗಲಿ ಮೇಲೆ ಚಾಪೆ ಹಾಸಿದರು. ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು ಬಂತು. ಅಪ್ಪ ಜಾತಕ ಕೇಳಲಿಲ್ಲ, ಜಮೀನು ಕೇಳಲಿಲ್ಲ. ಅವರ ತಲೆಯಲ್ಲಿ ಕೊರೀತಾ ಇದ್ದದ್ದೇ ಬೇರೆ.

“ಆ ಭಾಸೆ ಕಲೀತಿದ್ದೀಯಲ್ಲಪ್ಪ, ಅದನ್ನ ಯಾವೂರಲ್ಲಿ ಮಾತಾಡ್ತಾರೆ?”

“ಈಗ್ಲೂ ಗ್ರೀಕ್ ಅಂತ ಐತೆ ಸಾ, ಆದ್ರೆ ನಾವು ಕಲೀತಿರೋದು ಅಳೇದು. ಅದನ್ನ ಮಾತಾಡೋರು ಯಾರೂ ಇಲ್ಲ.”

“ಯಾರೂ ಅಂದ್ರೆ? ಒಬ್ರೂ?”

“ಒಬ್ರೂ ಇಲ್ಲ ಸಾ. ಎಲ್ಲಾ ಓಗ್ಬುಟ್ಟವ್ರೆ.”

ಅಪ್ಪನಿಗೆ ತಡೆಯೋಕಾಗಲಿಲ್ಲ. “ಮತ್ತೆ ನೀನು ಯಾರ ಕೂಟೆ ಮಾತಾಡಕ್ಕೆ ಕಲೀತಿದ್ದೀಯ?”

ಕಂಡಕ್ಟರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದರು. “ಇವ್ರ ಕೂಟೆ,” ಅಂದರು.

ಆ ಮನುಷ್ಯ ಅದಕ್ಕಿಂತ ಚೆಂದದ ಮಾತು ಯಾವ ಭಾಷೆಯಲ್ಲೂ ಆಡಿದ್ದು ನನಗೆ ಗೊತ್ತಿಲ್ಲ. ಆದರೆ ಅಪ್ಪನಿಗೆ ಹೊಸ ಗಾಬರಿ ಹುಟ್ಟಿಕೊಂಡಿತು.

“ಅಂದ್ರೆ ನೀವಿಬ್ರೂ ಏನ್ ಮಾತಾಡ್ಕಂಡ್ರೂ ಮನೇಲಿರೋರ್ಗೆ ತಿಳಿಯಾಕಿಲ್ಲ?”

ಅಪ್ಪನ ತಾಯಿ, ನಮ್ಮಜ್ಜಿ, ಒಳಗಿಂದಲೇ ಕೂಗಿ ಹೇಳಿತು. “ಒಳ್ಳೇದೇ ಆಯ್ತಲ್ಲ ಬುಡ್ಲಾ! ಜಗಳ ಆಡುದ್ರೆ ಬೀದಿಯೋರ್ಗೂ ತಿಳಿಯಾಕಿಲ್ಲ.”

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನಗು ನಿಂ‌ತ ಮೇಲೆ ಕಂಡಕ್ಟರ ತಾಯಿ ಮೆತ್ತಗೆ, “ಏನ್ ಯೋಳ್ತೀರಣ್ಣ?” ಅಂತ ಕೇಳಿದರು.

ಅಪ್ಪ ಟವಲ್ಲು ಕೊಡವಿದರು. “ನೋಡಾಣ.”

೫. ಮುದ್ದೆ

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣಿನ ಮನೆಯಲ್ಲಿ ಮಾತು ಗಟ್ಟಿಯಾಗೋವರೆಗೆ ಗಂಡಿನ ಕಡೆಯವರು ಊಟ ಮಾಡಲ್ಲ. ತಿಂಡಿ ಎಷ್ಟು ಬೇಕಾದರೂ ತಿನ್ನಬಹುದು, ಕಾಫಿ ಕುಡೀಬಹುದು, ಬಾಳೆಹಣ್ಣು ಜೇಬಿಗೂ ಹಾಕ್ಕೋಬಹುದು. ಆದರೆ ಎಲೆ ಮುಂದೆ ಕೂತು ಉಂಡರೆ ಸಂಬಂಧ ಒಪ್ಪಿದ ಹಾಗೆ. ಹಾಗಾಗಿ ಅಪ್ಪ ಪ್ರತಿ ಸಲವೂ ಉಪ್ಪಿಟ್ಟಿನಲ್ಲೇ ಸಾಗಹಾಕ್ತಿದ್ದರು. ಕಂಡಕ್ಟರ ತಾಯಿ ಬರೋದು, ಉಪ್ಪಿಟ್ಟು ತಿನ್ನೋದು, ನೋಡಾಣ ಅನ್ನಿಸ್ಕೊಂಡು ಹೋಗೋದು. ಹೀಗೇ ನಡೆದು ನಡೆದು ಆಕೆಗೂ ಸಾಕಾಯ್ತು. “ಇದೊಂದ್ ಕಿತ ಓಗಾಣ. ಇವತ್ತೂ ಉಪ್ಪಿಟ್ಟೇ ಆದ್ರೆ ನಮ್ ಅಣ್ಣನ್ ಮಗ್ಳನ್ನೇ ತಂದ್ಕಳಾಣ,” ಅಂತ ಮಗನಿಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರಂತೆ. ಕಂಡಕ್ಟರು ನನಗೆ ಫೋನಲ್ಲಿ ಹೇಳಿದಾಗ ನನಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಆ ಸಲ ದೊಡ್ಡವರಾಗಿ ಮೇಷ್ಟ್ರೂ ಜೊತೆಗೆ ಬಂದರು. ಬಿಳಿ ಪಂಚೆ, ಇಸ್ತ್ರಿ ಶರ್ಟು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇಂಜೆಕ್ಷನ್ನು ತಗೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಕೈಕಾಲು ನಡುಗೋಕೆ ಶುರುವಾಗ್ತಿತ್ತು. ಬೇಗ ಮಾತು ಮುಗಿಸಿ ಹೋಟೆಲಲ್ಲಿ ಊಟ ಮಾಡೋಣ ಅಂತ ಅವರ ಲೆಕ್ಕ. ಅಪ್ಪನ ಮಾತಿನ ಉದ್ದ ಅವರಿಗೆ ಗೊತ್ತಿರಲಿಲ್ಲ.

ಅಪ್ಪ ಮಳೆಯಿಂದ ಶುರು ಮಾಡಿದರು. ಅಲ್ಲಿಂದ ಆಲೂಗಡ್ಡೆ ಬಿತ್ತನೆಗೆ ಹೋದರು, ಅಲ್ಲಿಂದ ನಾಲೆ ನೀರಿಗೆ, ನಾಲೆಯಿಂದ ಪಕ್ಕದ ಮನೆಯವರ ಬೇಲಿಗೆ. ಮದುವೆ ವಿಷಯ ಹತ್ತಿರ ಬಂದ ಹಾಗೆಲ್ಲ ಬೇಲಿ ಹಾರಿ ಇನ್ನೊಂದು ಹೊಲಕ್ಕೆ ಹೋಗ್ತಿದ್ದರು. ಮೇಷ್ಟ್ರು ಎರಡು ಚಮಚ ಉಪ್ಪಿಟ್ಟು ತಿಂದು, ಕೇಸರಿಬಾತು ನನಗಾಗದು ಅಂತ ಪಕ್ಕಕ್ಕೆ ಸರಿಸಿ ಕೂತಿದ್ದರು. ಊಟದ ಹೊತ್ತು ಮೀರಿತು. ನಾನು ಬಾಗಿಲ ಸಂದಿಯಿಂದ ನೋಡ್ತಾನೇ ಇದ್ದೆ. ಅವರ ಹಣೆ ಬೆವರಿತು, ಲೋಟ ಹಿಡಿದ ಕೈ ನಡುಗಿತು. ಹಸಿವಾಗಿದೆ ಅನ್ನೋ ಹಾಗಿಲ್ಲ. ಗಂಡಿನ ಕಡೆಯ ಹಿರಿಯರು ಬಾಯಿಬಿಟ್ಟು ಊಟ ಕೇಳಿದರೆ ಏನಾಗುತ್ತೆ ಅಂತ ಅವರಿಗೂ ಗೊತ್ತು.

ಮೇಷ್ಟ್ರಿಗೆ ಸಕ್ಕರೆ ಇಳಿದುಹೋಗಿದೆ, ಬೇಗ ಸಿಹಿ ಬೇಕು ಅಂತ ನಾನು ಓಡಿ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಬೆಲ್ಲದ ಒಂದು ದೊಡ್ಡ ಉಂಡೆ ತಂದು, ಸಭೆಯನ್ನೂ ನೋಡದೆ ಮಗನನ್ನೂ ನೋಡದೆ ಮೇಷ್ಟ್ರ ಬಾಯಿಗೆ ತುರುಕಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮುಖಕ್ಕೆ ಬಣ್ಣ ಬಂತು. “ಬರೀ ಬೆಲ್ಲ ತಿಂದ್ರೆ ಆಗಾಕಿಲ್ಲ. ಒಳೀಕ್ ಬನ್ನಿ, ಉಣ್ಣಿ,” ಅಂದಿತು ಅಜ್ಜಿ.

ಅಪ್ಪ ಬೆಚ್ಚಿಬಿದ್ದರು. “ಅವ್ವ! ಇನ್ನೊಂದ್ ತಟ್ಟೆ ಉಪ್ಪಿಟ್ಟು ಕೊಡು, ಸಾಕು.”

“ಉಪ್ಪಿಟ್ಟು ಆಗೋಯ್ತು.”

“ಅವಲಕ್ಕಿ ಕಲ್ಸು.”

“ನೀನ್ ಕಲ್ಸು ಬಾ. ಮನೆಗ್ ಬಂದೋರು ಕಣ್ಮುಂದೆ ಬೀಳಂಗವ್ರೆ, ಇವ್ನಿಗೆ ಅವಲಕ್ಕಿ ಅಂತೆ!”

ಅಜ್ಜಿ ಅಷ್ಟೊತ್ತಿಗೆ ನಡುಮನೆಯಲ್ಲಿ ತಟ್ಟೆ ಹಾಕಿಬಿಟ್ಟಿತ್ತು. ಮೇಷ್ಟ್ರಿಗೆ ಒಂದು, ಕಂಡಕ್ಟರಿಗೆ ಒಂದು, ಅವರ ತಾಯಿಗೆ ಒಂದು. ಕಂಡಕ್ಟರ ತಾಯಿ ಒಂದು ಕ್ಷಣವೂ ತಡಮಾಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು. ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಬೇಡ ಅಂದರೆ ಹಸಿದವರನ್ನ ಎಬ್ಬಿಸಿದ ಅಂತ ಬೀದಿಯೆಲ್ಲ ಮಾತಾಗುತ್ತೆ. ಉಣ್ಣಲಿ ಅಂದರೆ ಮಗಳು ಕೈಬಿಟ್ಟು ಹೋಗ್ತಾಳೆ. ಆಗ ಅವರಿಗೆ ಒಂದು ಉಪಾಯ ಹೊಳೀತು.

“ಅವ್ವ, ಅನ್ನ ಇಕ್‌ಬ್ಯಾಡ. ಬರೀ ಮುದ್ದೆ ಇಕ್ಕು. ಅನ್ನ ಮುಟ್ಟದಿದ್ರೆ ಅದು ಊಟ ಅಲ್ಲ, ಪಲಾರ ಇದ್ದಂಗೆ.”

ಅಜ್ಜಿ ಸೌಟು ಹಿಡಿದು ನಿಂತುಬಿಟ್ಟಿತು. “ಲೇ, ಮುದ್ದೆ ಯಾವಾಗಿಂದ್ಲಾ ಪಲಾರ ಆಗಿದ್ದು? ನಿಮ್ಮಪ್ಪ ಸಾಯೋಗಂಟ ಮುದ್ದೆ ಉಂಡ್ಕಂಡೇ ಇದ್ರು. ಅಂಗಾದ್ರೆ ನನ್ ಗಂಡಂಗೆ ನಾನು ಒಂದಿನಾನೂ ಊಟಾನೇ ಇಕ್ಲಿಲ್ವಾ?”

ತಟ್ಟೆಗೆ ಬಿಸಿ ಮುದ್ದೆ ಬಂತು, ಬಸ್ಸಾರು ಬಂತು. ಈಗ ಹೊಸ ಕಷ್ಟ ಶುರುವಾಯ್ತು. ಮೇಷ್ಟ್ರು ಕುಚಲಕ್ಕಿ ಅನ್ನದ ಊರಿನವರು. ಅಷ್ಟು ವರ್ಷ ಹಾಸನದಲ್ಲಿದ್ದರೂ ಮೆಸ್ಸಿನ ಚಪಾತಿಯಲ್ಲೇ ಕಾಲ ಹಾಕಿ ಮುದ್ದೆಯಿಂದ ತಪ್ಪಿಸ್ಕೊಂಡಿದ್ದರು. ಅವರು ಒಂದು ತುಂಡು ಮುರಿದು ಬಾಯಿಗೆ ಹಾಕ್ಕೊಂಡು ಅಗಿಯೋಕೆ ಶುರು ಮಾಡಿದರು. ಮುದ್ದೆ ಹಲ್ಲಿಗೆ ಅಂಟಿತು, ಅಂಗುಳಕ್ಕೆ ಅಂಟಿತು. ದವಡೆ ಒಂದು ಕಡೆ ಹೋದರೆ ಮುದ್ದೆ ಇನ್ನೊಂದು ಕಡೆ.

ಮೂಲೆಯಲ್ಲಿ ನಿಂತಿದ್ದ ಅಪ್ಪ ಮುಖ ಕಿವುಚಿದರು. “ಸಾ, ಮುದ್ದೆ ಅಗೀಬಾರ್ದು. ನುಂಗ್ಬೇಕು.”

“ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳೋದಿಲ್ವೆ?”

“ಅದೆಂಗ್ ಸಿಕ್ಕೊಂತದೆ? ಮುರ್ಕಳಿ, ಉಂಡೆ ಮಾಡಿ, ಸಾರಲ್ಲಿ ಒರಳಾಡ್ಸಿ, ಇಂಗ್ ಬುಟ್ಕಳಿ ಗುಳುಂ ಅಂತ.” ಅಪ್ಪ ಬರೀ ಕೈಯಲ್ಲೇ ಮಾಡಿ ತೋರಿಸಿದರು.

ಮೇಷ್ಟ್ರು ತಲೆ ಆಡಿಸಿ, ಉಂಡೆ ಮಾಡಿ, ಸಾರಲ್ಲಿ ಅದ್ದಿ, ಬಾಯಿಗೆ ಹಾಕ್ಕೊಂಡು ಮತ್ತೆ ಅಗಿದರು. ಕಣ್ಣಲ್ಲಿ ನೀರು ಬಂತು.

ಅಪ್ಪ ಮಗಳನ್ನ ಕೊಡದೆ ಬೇಕಾದರೂ ಇದ್ದಾರು, ಆದರೆ ಕಣ್ಣೆದುರಿಗೆ ಒಬ್ಬ ಮನುಷ್ಯ ಮುದ್ದೆ ಅಗಿಯೋದನ್ನ ನೋಡಿಕೊಂಡಿರೋದು ಅವರ ಕೈಲಾಗದ ಮಾತು. “ಅಯ್ಯೋ ಅಯ್ಯೋ, ಮುದ್ದೆ ಮರ್ಯಾದೆ ಕಳೀತಾವ್ರಲ್ಲ! ಅವ್ವ, ನಂಗೂ ಒಂದ್ ತಟ್ಟೆ ತತ್ತಾ!” ಅಂತ ಮೇಷ್ಟ್ರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮುರಿದರು, ಉಂಡೆ ಮಾಡಿದರು, ಅದ್ದಿದರು, ಗುಳುಂ. “ಕಂಡ್ರಾ?”

“ಇನ್ನೊಮ್ಮೆ ತೋರಿಸಿ,” ಅಂದರು ಮೇಷ್ಟ್ರು.

ಗುಳುಂ. “ಈಗ ಕಂಡ್ರಾ?”

“ಸರಿಯಾಗಿ ಕಾಣಲಿಲ್ಲ. ಸ್ವಲ್ಪ ನಿಧಾನಕ್ಕೆ.”

ಪಾಠ ಹೇಳಿಕೊಡೋ ಹುರುಪಲ್ಲಿ ಅಪ್ಪ ಟವಲ್ಲು ತೆಗೆದು ಪಕ್ಕಕ್ಕಿಟ್ಟು ತೋರಿಸಿದ್ದೇ ತೋರಿಸಿದ್ದು. ಮೇಷ್ಟ್ರಿಗೆ ನುಂಗೋದು ಬಂತು. “ಭೇಷ್! ಅಂಗೆ ಕಣ್ರೀ ಸಾ!” ಅಂತ ಅಪ್ಪ ಅವರ ಬೆನ್ನು ತಟ್ಟಿದರು. ಆಮೇಲೆ ಕೆಳಗೆ ನೋಡಿದರು. ತಮ್ಮ ತಟ್ಟೆ ಖಾಲಿ. ಒಂದು ಪಕ್ಕದಲ್ಲಿ ಮೇಷ್ಟ್ರು, ಇನ್ನೊಂದು ಪಕ್ಕದಲ್ಲಿ ಕಂಡಕ್ಟರು, ಅವರಾಚೆ ಅವರ ತಾಯಿ. ಎಲ್ಲರ ಕೈಯೂ ಎಂಜಲು, ಅಪ್ಪನ ಕೈಯೂ ಎಂಜಲು.

“ಬೀಗ್ರು ಬೀಗ್ರು ಒಂದೇ ಸಾಲಲ್ಲಿ ಕುಂತ್ ಉಂಡಂಗಾಯ್ತು,” ಅಂತ ಅಜ್ಜಿ ಎಲ್ಲರಿಗೂ ಕೇಳೋ ಹಾಗೆ ಹೇಳಿತು. ಅಮ್ಮ ಯಾವಾಗ ಒಳಗೆ ಹೋಗಿದ್ದರೋ, ಅರಿಶಿನ ಕುಂಕುಮದ ತಟ್ಟೆ ಹಿಡ್ಕೊಂಡು ಬಂದು ನಿಂತಿದ್ದರು.

ಅಪ್ಪ ಖಾಲಿ ತಟ್ಟೆ ನೋಡಿದರು, ಅಜ್ಜಿಯನ್ನ ನೋಡಿದರು, ಬಾಗಿಲ ಹಿಂದೆ ನಿಂತಿದ್ದ ನನ್ನನ್ನ ನೋಡಿದರು. ನಾನು ಅಳ್ತಿದ್ದೆ. ಕಂಡಕ್ಟರು ತುತ್ತು ಕೈಯಲ್ಲೇ ಹಿಡ್ಕೊಂಡು, ಉಣ್ಣಲೋ ಬೇಡವೋ ಅಂತ ತಿಳೀದೆ ಕಣ್ಣು ಕಣ್ಣು ಬಿಡ್ತಿದ್ದರು.

ಅಪ್ಪ ಅವರ ಕಡೆ ತಿರುಗಿದರು. “ಇನ್ನೊಂದ್ ಮುದ್ದೆ ಇಕ್ಕುಸ್ಕಳಿ ಅಳಿಯಂದ್ರೆ. ಆಗಿದ್ ಆಗೋಯ್ತು, ಇನ್ ಅರೆಹೊಟ್ಟೇಲಿ ಯಾಕ್ ಏಳ್ತೀರಾ?”